ಗೋಲ್ ಕಂಬಕ್ಕೆ ಒರಗಿ ಕುಳಿತ ಆ ಜರ್ಮನ್ ಗೋಲ್‌ಕೀಪರ್ ಯಾರು?

ಸಾಗರದ ಅಡಿಕೆಯವ

ಫುಟ್‌ಬಾಲ್ ಬಲ್ಲವರು ಸ್ವಲ್ಪ ಹೇಳಿಕೊಡಿ. ನಮ್ಮದು ಸಾಗರದ ಕಡೆಯ ಹಳ್ಳಿ. ಮನೆಯಲ್ಲಿ ಕ್ರಿಕೆಟ್ ಬಿಟ್ಟರೆ ಯಕ್ಷಗಾನ, ಅದು ಬಿಟ್ಟರೆ ಅಡಿಕೆ ರೇಟು, ಬೇರೆ ಮಾತಿಲ್ಲ. ಆದರೆ ಶಿವಮೊಗ್ಗದಲ್ಲಿ ಓದುತ್ತಿರುವ ನನ್ನ ತಂಗಿ ಅದು ಹೇಗೋ ಕಾಲೇಜು ತಂಡದ ಗೋಲ್‌ಕೀಪರ್ ಆಗಿಬಿಟ್ಟಿದ್ದಾಳೆ. ಎತ್ತರ ಇದ್ದಾಳೆ, ಬೀಳಲು ಹೆದರುವುದಿಲ್ಲ ಎಂದು ಅವರ ಸರ್ ನಿಲ್ಲಿಸಿದರಂತೆ.

ಹೋದ ಮಳೆಗಾಲ ಒಂದು ಫೈನಲ್ ಪಂದ್ಯ ನೋಡಲು ನಾನೂ ಹೋಗಿದ್ದೆ. ಗೋಲಿಲ್ಲದೆ ಸಾಗುತ್ತಿದ್ದ ಪಂದ್ಯ. ಕೊನೆಗೆ ಸೀದಾ ಇವಳ ಕೈಗೇ ಬಂದ ಚೆಂಡು ಜಾರಿ ಮುಂದೆ ಬಿತ್ತು, ಎದುರಾಳಿ ಹುಡುಗಿ ಅದನ್ನು ಬಲೆಗೆ ತಳ್ಳಿದಳು. ಅಷ್ಟೇ. ಬಸ್ಸಿನಲ್ಲಿ ಬರುವಾಗ ತಂಡದ ಒಬ್ಬಳೂ ಇವಳ ಪಕ್ಕ ಕೂರಲಿಲ್ಲ ಎಂದು ಆಮೇಲೆ ಅಮ್ಮನ ಹತ್ತಿರ ಹೇಳಿಕೊಂಡಿದ್ದಾಳೆ.

ಈಗ ಹಾಸ್ಟೆಲ್ ಕೋಣೆಯ ಗೋಡೆಗೆ ಒಬ್ಬ ಜರ್ಮನ್ ಆಟಗಾರನ ಚಿತ್ರ ಅಂಟಿಸಿದ್ದಾಳೆ. ಹೆಸರು ಆಲಿವರ್ ಕಾನ್ ಅಂತೆ. ಕಪ್ ಎತ್ತಿ ಹಿಡಿದ ಚಿತ್ರವಾದರೆ ನನಗೂ ಅರ್ಥವಾಗುತ್ತಿತ್ತು. ಇದರಲ್ಲಿ ಆತ ಗೋಲ್ ಕಂಬಕ್ಕೆ ಬೆನ್ನು ಕೊಟ್ಟು, ಮನೆ ಸುಟ್ಟುಹೋದವನ ಮುಖ ಮಾಡಿಕೊಂಡು ಕುಳಿತಿದ್ದಾನೆ. ಕೇಳಿದರೆ "ನಿನಗೆ ಗೊತ್ತಾಗುವುದಿಲ್ಲ ಬಿಡು ಅಣ್ಣ" ಎನ್ನುತ್ತಾಳೆ. ಗೊತ್ತಾಗುವ ಹಾಗೆ ಇಲ್ಲಿ ಯಾರಾದರೂ ಹೇಳಿ. ಇವನು ನಿಜಕ್ಕೂ ದೊಡ್ಡ ಆಟಗಾರನೋ, ಅಥವಾ ಸೋತದ್ದಕ್ಕೆ ಹೆಸರಾದವನೋ? ಅವಳ ಹುಟ್ಟುಹಬ್ಬಕ್ಕೆ ಗ್ಲೌಸ್ ಕೊಡಿಸಬೇಕೆಂದಿದ್ದೇನೆ, ಅದರ ಬಗ್ಗೆಯೂ ತಿಳಿದವರು ಬರೆಯಿರಿ.

ಗಾಜನೂರು ಹುಡುಗ

ಅಣ್ಣ, ಕಾನ್ ದೊಡ್ಡವನೇ, ಆದರೆ ಹಳೆಯ ಕಾಲದವನು. ತಂಗಿಗೆ ಮ್ಯಾನುಯೆಲ್ ನ್ಯೂಯರ್ ಚಿತ್ರ ತಂದುಕೊಡಿ. ಅವನೂ ಜರ್ಮನ್ನನೇ, ಕಾನ್ ಆಡಿದ ಅದೇ ಬಾಯರ್ನ್ ಮ್ಯೂನಿಕ್ ಕ್ಲಬ್ಬಿನವನು. 2014ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ವಿರುದ್ಧದ ಪಂದ್ಯ ಹುಡುಕಿ ನೋಡಲು ಹೇಳಿ. ಪೆನಾಲ್ಟಿ ಬಾಕ್ಸ್ ಬಿಟ್ಟು ಎಷ್ಟೋ ದೂರ ಓಡಿಬಂದು, ಹಿಂದೆ ಇನ್ನೊಬ್ಬ ಡಿಫೆಂಡರ್ ಇದ್ದಾನೋ ಎಂಬಂತೆ ಚೆಂಡು ತೆಗೆಯುತ್ತಾನೆ. ಆ ವರ್ಷ ಕಪ್ ಗೆದ್ದದ್ದೂ ಜರ್ಮನಿಯೇ. 2010ರಲ್ಲಿ ಇಂಗ್ಲೆಂಡ್ ವಿರುದ್ಧ ಅವನು ಹೊಡೆದ ಗೋಲ್‌ಕಿಕ್ ಮೈದಾನ ದಾಟಿ ಹೋಗಿ ಸೀದಾ ಜರ್ಮನಿಯ ಸ್ಟ್ರೈಕರ್ ಕ್ಲೋಸನ ಮುಂದೆ ಬಿತ್ತು, ಕ್ಲೋಸ ಗೋಲು ಹೊಡೆದ.

ಈಗ ಗೋಲ್‌ಕೀಪರ್ ಎಂದರೆ ಕಾಲಿನಲ್ಲಿಯೂ ಆಡಬೇಕು. ಗೆರೆಯ ಮೇಲೆ ನಿಂತು ಹಾರುವುದು, ಬೈಯುವುದು, ಕಣ್ಣು ಕೆಕ್ಕರಿಸುವುದು, ಇವೆಲ್ಲ ಕಾನ್ ಜೊತೆಗೇ ಮುಗಿಯಿತು. ಸೋತು ಕುಳಿತವನ ಚಿತ್ರ ನೋಡಿಕೊಂಡು ಓದಲು ಕೂತರೆ ಓದೂ ಹತ್ತುವುದಿಲ್ಲ.

ಭದ್ರಾವತಿ ಹಳಬ

ಗಾಜನೂರಿನ ತಮ್ಮ ಕಾಲಿನ ಆಟದ ವಿಷಯದಲ್ಲಿ ಹೇಳಿದ್ದು ಸರಿ. ಉಳಿದದ್ದಕ್ಕೆ ನನ್ನ ತಕರಾರಿದೆ. ಎಂಬತ್ತರ ದಶಕದಲ್ಲಿ ನಾನು ಭದ್ರಾವತಿಯಲ್ಲಿ ಒಂದು ಕಾರ್ಖಾನೆಯ ತಂಡಕ್ಕೆ ಗೋಲ್ ಕಾಯುತ್ತಿದ್ದವನು. ಪಾಳಿ ಮುಗಿಸಿ ಬಂದು, ಕೈಗೆ ಗ್ಲೌಸ್ ಇಲ್ಲದೆ, ಜಂಬಿಟ್ಟಿಗೆ ಮಣ್ಣಿನ ಮೈದಾನದಲ್ಲಿ ಬಿದ್ದು ಎದ್ದು ಮೊಣಕೈಯ ಚರ್ಮವನ್ನೆಲ್ಲ ಅಲ್ಲೇ ಬಿಟ್ಟು ಬಂದವನು. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಆ ಚಿತ್ರ 2002ರ ಜೂನ್ 30ರದು. ಜಪಾನಿನ ಯೊಕೊಹಾಮಾ, ವಿಶ್ವಕಪ್ ಫೈನಲ್, ಬ್ರೆಜಿಲ್ ಎದುರಾಳಿ. ನಮಗಿಲ್ಲಿ ಭಾನುವಾರ ಸಂಜೆ ನಾಲ್ಕೂವರೆ. ನಮ್ಮ ಬೀದಿಯಲ್ಲಿ ಕೇಬಲ್ ಸರಿಯಾಗಿ ಬರುತ್ತಿದ್ದ ಮನೆಗಳಿಗೆಲ್ಲ ಅಂದು ನೆಂಟರೋ ನೆಂಟರು. ಆ ಟೂರ್ನಿಗೆ ಹೊರಟಾಗ ಜರ್ಮನಿಯ ಮೇಲೆ ಯಾರಿಗೂ ಭರವಸೆ ಇರಲಿಲ್ಲ. ಹಿಂದಿನ ವರ್ಷ ಅರ್ಹತಾ ಸುತ್ತಿನಲ್ಲಿ ಇಂಗ್ಲೆಂಡ್ ತಂಡ ಮ್ಯೂನಿಕ್‌ಗೇ ಬಂದು 5-1ರಿಂದ ಬಡಿದು ಹೋಗಿತ್ತು, ಆ ಐದೂ ಬಿದ್ದದ್ದು ಕಾನ್ ಕಾಯುತ್ತಿದ್ದ ಬಲೆಗೇ. ಅಂಥ ತಂಡ ಫೈನಲ್ ತಲುಪಿತು. ಫೈನಲ್‌ಗೆ ಮೊದಲಿನ ಆರು ಪಂದ್ಯಗಳಲ್ಲಿ ಅದು ಬಿಟ್ಟುಕೊಟ್ಟದ್ದು ಒಂದೇ ಗೋಲು, ಐರ್ಲೆಂಡಿನ ರಾಬಿ ಕೀನ್ ಕೊನೆಗಳಿಗೆಯಲ್ಲಿ ಹೊಡೆದದ್ದು. ಪರಾಗ್ವೆ, ಅಮೆರಿಕ, ದಕ್ಷಿಣ ಕೊರಿಯಾ ಮೂರನ್ನೂ ಗೆದ್ದದ್ದು 1-0ಯಿಂದ. ಅಮೆರಿಕದ ವಿರುದ್ಧದ ಪಂದ್ಯವನ್ನು ಗೆದ್ದುಕೊಟ್ಟವನು ಕಾನ್ ಎಂದರೆ ಜರ್ಮನ್ನರೂ ಇಲ್ಲವೆನ್ನುವುದಿಲ್ಲ.

ಫೈನಲ್‌ನಲ್ಲಿ 67ನೇ ನಿಮಿಷ. ಬ್ರೆಜಿಲಿನ ರಿವಾಲ್ಡೊ ದೂರದಿಂದ ನೆಲಮಟ್ಟಕ್ಕೆ ಹೊಡೆದ. ಕಾನ್ ಬಗ್ಗಿದ, ಚೆಂಡು ಕೈಗೆ ಸಿಕ್ಕಿತು, ಎದೆಗೆ ಸೇರಲಿಲ್ಲ. ಸಿಡಿದು ಮುಂದೆ ಉರುಳಿತು. ಅಲ್ಲಿ ಬ್ರೆಜಿಲಿನ ರೊನಾಲ್ಡೊ ಇದ್ದ, ಗೋಲು ಹೊಡೆದ. ಇದನ್ನು ಕಾನ್‌ನ ತಪ್ಪು ಎಂದು ಬರೆದು ಮುಗಿಸುವವರು ಇನ್ನೊಂದನ್ನು ನೋಡುವುದಿಲ್ಲ: ಚೆಂಡನ್ನು ಜರ್ಮನ್ನರಿಂದ ಕಿತ್ತುಕೊಂಡು ರಿವಾಲ್ಡೊಗೆ ಕೊಟ್ಟವನೇ ರೊನಾಲ್ಡೊ. ಕೊಟ್ಟು ನಿಲ್ಲಲಿಲ್ಲ, ಓಡಿದ. ಜರ್ಮನಿಯ ಡಿಫೆಂಡರ್‌ಗಳು ನಿಂತು ನೋಡಿದರು. ಗೋಲ್‌ಕೀಪರ್ ಕೈಯಿಂದ ಚೆಂಡು ಜಾರಬಹುದು ಎಂದು ಎದುರಾಳಿ ನಂಬಿ ಓಡುತ್ತಾನೆ, ಜಾರುವುದಿಲ್ಲ ಎಂದು ನಮ್ಮವರು ನಂಬಿ ನಿಲ್ಲುತ್ತಾರೆ. ನಿಮ್ಮ ತಂಗಿಯ ಪಕ್ಕದಲ್ಲಿ ಕೂರದ ಹುಡುಗಿಯರಲ್ಲಿ ಡಿಫೆಂಡರ್‌ಗಳೂ ಇದ್ದರಲ್ಲವೇ? ಅವರು ಆ ಹೊತ್ತಿನಲ್ಲಿ ಎಲ್ಲಿದ್ದರು ಎಂದು ಯಾರಾದರೂ ಕೇಳಿದರೇ?

ಹನ್ನೆರಡು ನಿಮಿಷದ ಮೇಲೆ ರೊನಾಲ್ಡೊ ಇನ್ನೊಂದು ಹೊಡೆದ, 2-0. ಆ ಪಂದ್ಯದಲ್ಲೇ ಕಾನ್‌ನ ಬಲಗೈ ಉಂಗುರ ಬೆರಳಿನ ಅಸ್ಥಿರಜ್ಜು ಹರಿದಿತ್ತು. ಅದನ್ನು ಅವನು ನೆಪವಾಗಿ ಒಡ್ಡಲಿಲ್ಲ. ಪಂದ್ಯ ಮುಗಿದ ಮೇಲೆ ಕಂಬಕ್ಕೆ ಒರಗಿ ಕುಳಿತ, ಫೋಟೊದವರು ಸುತ್ತುವರಿದರು, ನಿಮ್ಮ ತಂಗಿಯ ಗೋಡೆಗೆ ಬಂದದ್ದು ಅದೇ. ಆ ಟೂರ್ನಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಪ್ರಶಸ್ತಿ ಸಿಕ್ಕಿದ್ದೂ ಅವನಿಗೇ. ಪುರುಷರ ವಿಶ್ವಕಪ್‌ನಲ್ಲಿ ಅದನ್ನು ಪಡೆದ ಗೋಲ್‌ಕೀಪರ್ ಅವನೊಬ್ಬನೇ. ಇನ್ನು "ಸೋತದ್ದಕ್ಕೆ ಹೆಸರಾದವನೋ" ಎಂದು ಕೇಳಬೇಡಿ ಮಾರಾಯರೇ.

ಮೊದಲಿನಿಂದ ಹೇಳುವುದಾದರೆ, 1969ರ ಜೂನ್‌ನಲ್ಲಿ ಕಾರ್ಲ್ಸ್‌ರೂಹೆ ಎಂಬ ಊರಿನಲ್ಲಿ ಹುಟ್ಟಿದವನು. ಅಪ್ಪನೂ ಆ ಊರಿನ ಕ್ಲಬ್ಬಿಗೆ ಆಡಿದವನೇ. ಹದಿನೆಂಟನೇ ವಯಸ್ಸಿಗೆ, 1987ರ ನವೆಂಬರ್‌ನಲ್ಲಿ, ಜರ್ಮನಿಯ ಮೇಲಿನ ಲೀಗ್ ಆದ ಬುಂಡೆಸ್‌ಲೀಗಾದಲ್ಲಿ ಮೊದಲ ಪಂದ್ಯ ಆಡಿದ. ಕ್ಯೋಲ್ನ್ ವಿರುದ್ಧ 0-4! ಆಮೇಲೆ ಬೆಂಚಿಗೆ. ಖಾಯಂ ಸ್ಥಾನ ಸಿಕ್ಕಿದ್ದು 1990ರ ಹೊತ್ತಿಗೆ. 1993ರಲ್ಲಿ ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುಇಎಫ್‌ಎ ಕಪ್‌ನಲ್ಲಿ ಆ ಸಣ್ಣ ಕ್ಲಬ್ಬು ಸ್ಪೇನಿನ ವೆಲೆನ್ಸಿಯಾವನ್ನು ತನ್ನ ಮೈದಾನದಲ್ಲಿ 7-0ಯಿಂದ ಸೋಲಿಸಿತು, ಅದಕ್ಕೆ ಮೊದಲು ಸ್ಪೇನಿನಲ್ಲಿ 1-3ರಿಂದ ಸೋತು ಬಂದಿತ್ತು. ಮರುವರ್ಷ ಬಾಯರ್ನ್ ಮ್ಯೂನಿಕ್ ಕರೆಸಿಕೊಂಡಿತು. ಹೋದ ಮೊದಲ ಸೀಸನ್ನಿನಲ್ಲೇ ಮೊಣಕಾಲಿನ ಅಸ್ಥಿರಜ್ಜು ಹರಿದು ತಿಂಗಳುಗಟ್ಟಲೆ ಮನೆಯಲ್ಲಿ. ಅಲ್ಲಿ ಅವನನ್ನು ತಿದ್ದಿದವರು ಸೆಪ್ ಮಾಯರ್. 1974ರಲ್ಲಿ ಜರ್ಮನಿಗೆ ವಿಶ್ವಕಪ್ ತಂದ ಗೋಲ್‌ಕೀಪರ್. ಬುಂಡೆಸ್‌ಲೀಗಾದಲ್ಲಿ ಒಂದೂ ತಪ್ಪಿಸದೆ ಸತತ 442 ಪಂದ್ಯ ಆಡಿದವರು. ನಮ್ಮ ಕಾಲದ ದೇವರು ಅವರೇ. ಅವರ ಚಿತ್ರವನ್ನು ಯಾವುದೋ ಹಳೆಯ ಪತ್ರಿಕೆಯಿಂದ ಕತ್ತರಿಸಿ ನಾನೂ ಟ್ರಂಕಿನ ಒಳಮುಚ್ಚಳಕ್ಕೆ ಅಂಟಿಸಿದ್ದೆ, ಆದ್ದರಿಂದ ನಿಮ್ಮ ತಂಗಿಯ ಪರ ನಾನು.

ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ 1999ರ ಫೈನಲ್ ಬಾರ್ಸಿಲೋನಾದಲ್ಲಿ. ಆರನೇ ನಿಮಿಷದಿಂದ ಮುಂದಿದ್ದ ಬಾಯರ್ನ್, ತೊಂಬತ್ತು ನಿಮಿಷ ಮುಗಿದ ಮೇಲಿನ ಹೆಚ್ಚುವರಿ ಸಮಯದಲ್ಲಿ ಎರಡು ಕಾರ್ನರ್‌ಗಳಿಗೆ ಎರಡು ಗೋಲು ಬಿಟ್ಟು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಸೋತಿತು. ಆ ಹೊಡೆತದಿಂದ ಕೆಲವು ಆಟಗಾರರು ಎದ್ದೇಳುವುದಿಲ್ಲ.

2001ರ ಮೇ ತಿಂಗಳನ್ನು ಮಾತ್ರ ತಂಗಿ ಬಿಡಿಸಿ ಬಿಡಿಸಿ ನೋಡಬೇಕು. ಮೇ 19, ಲೀಗ್‌ನ ಕೊನೆಯ ದಿನ, ಹ್ಯಾಂಬರ್ಗ್‌ನಲ್ಲಿ ಪಂದ್ಯ. ಡ್ರಾ ಆದರೂ ಬಾಯರ್ನ್ ಚಾಂಪಿಯನ್. ತೊಂಬತ್ತನೇ ನಿಮಿಷದಲ್ಲಿ ಹ್ಯಾಂಬರ್ಗ್ ಗೋಲು ಹೊಡೆಯಿತು. ಅತ್ತ ಗೆಲ್ಸೆನ್‌ಕಿರ್ಶನ್‌ನಲ್ಲಿ ಶಾಲ್ಕೆ ತಂಡದವರು ತಾವೇ ಗೆದ್ದೆವೆಂದು ಮೈದಾನದಲ್ಲಿ ಕುಣಿಯತೊಡಗಿದರು. ಇತ್ತ ಗೋಲು ಬಿಟ್ಟ ಕಾನ್ ತಲೆ ತಗ್ಗಿಸಲಿಲ್ಲ. ಬಿದ್ದವರನ್ನು ಎಬ್ಬಿಸುತ್ತ, ಮುಂದೆ, ಮುಂದೆ ಎಂದು ಕಿರುಚುತ್ತ ಓಡಾಡಿದ. ನಾಲ್ಕು ನಿಮಿಷದ ಮೇಲೆ ಬಾಕ್ಸ್ ಒಳಗೆ ಸಿಕ್ಕಿದ ಫ್ರೀಕಿಕ್ ಅನ್ನು ಪ್ಯಾಟ್ರಿಕ್ ಆಂಡರ್ಸನ್ ಬಲೆಗೆ ನುಗ್ಗಿಸಿದ. ಕಾನ್ ಓಡಿಹೋಗಿ ಮೂಲೆಯ ಬಾವುಟದ ಕೋಲನ್ನು ಹಿಡಿದುಕೊಂಡು ನೆಲಕ್ಕೆ ಬಿದ್ದು ಕೂಗಿದ ದೃಶ್ಯವನ್ನು ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತದೆ. ನಾಲ್ಕು ದಿನ ಕಳೆದು ಮಿಲಾನ್‌ನಲ್ಲಿ ವೆಲೆನ್ಸಿಯಾ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್, 1-1, ಪೆನಾಲ್ಟಿ ಶೂಟೌಟ್. ಮೂರನ್ನು ತಡೆದ. ಕಪ್ ಬಂತು. ಎಲ್ಲರೂ ಕುಣಿಯುವಾಗ ಅವನು ವೆಲೆನ್ಸಿಯಾದ ಗೋಲ್‌ಕೀಪರ್ ಕನ್ಯಿಸಾರೆಸ್ ಬಳಿ ಹೋಗಿ ಸಮಾಧಾನ ಹೇಳಿದ. ಎರಡು ವರ್ಷದ ಹಿಂದೆ ತಾನೇ ಆ ಜಾಗದಲ್ಲಿದ್ದವನಲ್ಲವೇ.

ಅವನು ಸಾಧು ಎಂದೇನೂ ನಾನು ಹೇಳುವುದಿಲ್ಲ. 1999ರಲ್ಲಿ ಡಾರ್ಟ್‌ಮುಂಡ್ ಪಂದ್ಯದಲ್ಲಿ ಒಬ್ಬನತ್ತ ಕಾಲೆತ್ತಿ ಹಾರಿದ, ಇನ್ನೊಬ್ಬನ ಕುತ್ತಿಗೆಗೆ ಬಾಯಿ ಹಾಕಿದ. ಎದುರಾಳಿ ಊರಿನ ಜನ ಮಂಗನೆಂದು ಹಂಗಿಸಿ ಅವನಿಗೆ ಬಾಳೆಹಣ್ಣು ಎಸೆಯುತ್ತಿದ್ದರು, ಅದು ಅಸಹ್ಯ. 2000ದಲ್ಲಿ ಫ್ರೈಬುರ್ಗ್‌ನಲ್ಲಿ ಗಾಲ್ಫ್ ಚೆಂಡು ಎಸೆದು ತಲೆಯಲ್ಲಿ ರಕ್ತ ಬರಿಸಿದರು. ತಂಗಿ ಅವನ ಕೋಪವನ್ನು ಕಲಿಯುವುದು ಬೇಡ.

ನನ್ನ ಲೆಕ್ಕದಲ್ಲಿ ಅವನ ದೊಡ್ಡತನ ಕಂಡದ್ದು ಅವನು ಆಡದ ಒಂದು ಪಂದ್ಯದಲ್ಲಿ. 2006ರ ವಿಶ್ವಕಪ್ ಜರ್ಮನಿಯಲ್ಲೇ ನಡೆಯಿತು. ಎರಡು ತಿಂಗಳು ಮೊದಲು ತರಬೇತುದಾರ ಕ್ಲಿನ್ಸ್‌ಮನ್, ಕಾನ್‌ನನ್ನು ಬಿಟ್ಟು ಯೆನ್ಸ್ ಲೆಹ್ಮನ್ ಒಂದನೇ ಗೋಲ್‌ಕೀಪರ್ ಎಂದು ಘೋಷಿಸಿದ. ಇವನಿಗೂ ಲೆಹ್ಮನ್‌ಗೂ ವರ್ಷಗಟ್ಟಲೆ ಎಣ್ಣೆ ಸೀಗೆಕಾಯಿ. ಎಲ್ಲರೂ ಇವನು ಚೀಲ ಹೆಗಲಿಗೇರಿಸಿ ಹೊರಟುಹೋಗುತ್ತಾನೆ ಎಂದುಕೊಂಡರು. ಹೋಗಲಿಲ್ಲ, ಬೆಂಚಿನಲ್ಲಿ ಕುಳಿತ. ಬರ್ಲಿನ್‌ನಲ್ಲಿ ಅರ್ಜೆಂಟೀನಾ ವಿರುದ್ಧದ ಕ್ವಾರ್ಟರ್ ಫೈನಲ್ ಶೂಟೌಟ್‌ಗೆ ಹೋದಾಗ, ನೆಲದ ಮೇಲಿದ್ದ ಲೆಹ್ಮನ್ ಬಳಿಗೆ ಹೋಗಿ, ಬಗ್ಗಿ, ಕೈ ಹಿಡಿದು ಏನೋ ಹೇಳಿದ. ಲೆಹ್ಮನ್ ಎರಡು ತಡೆದ, ಜರ್ಮನಿ ಗೆದ್ದಿತು. ಸೆಮಿಫೈನಲ್ ಸೋತ ಮೇಲೆ ಮೂರನೇ ಸ್ಥಾನದ ಪಂದ್ಯಕ್ಕೆ ಕಾನ್‌ನನ್ನು ನಾಯಕನಾಗಿ ಇಳಿಸಿದರು, ಪೋರ್ಚುಗಲ್ ವಿರುದ್ಧ 3-1. ದೇಶಕ್ಕಾಗಿ ಆಡಿದ 86ನೆಯ ಮತ್ತು ಕೊನೆಯ ಪಂದ್ಯ ಅದು. ಎಂಟು ಲೀಗ್ ಪ್ರಶಸ್ತಿ, ಆರು ಜರ್ಮನ್ ಕಪ್, ಬುಂಡೆಸ್‌ಲೀಗಾದಲ್ಲಿ 557 ಪಂದ್ಯ ಎಂದು ಪಟ್ಟಿ ಕೊಡಬಹುದು, ಆದರೆ ನನಗೆ ನೆನಪಾಗುವುದು ಆ ಕೈಕುಲುಕು. ಎರಡನೇ ಗೋಲ್‌ಕೀಪರ್ ಆಗಿ ಬೆಂಚು ಕಾದವರಿಗೆ ಅದರ ತೂಕ ಗೊತ್ತು. ಸ್ಟ್ರೈಕರ್‌ಗಾದರೆ ಎಪ್ಪತ್ತನೇ ನಿಮಿಷಕ್ಕಾದರೂ ಕರೆ ಬರುತ್ತದೆ. ನಮಗೆ ಒಂದನೆಯವನ ಕೈಯೋ ಕಾಲೋ ಮುರಿಯಬೇಕು, ಅದನ್ನು ಬಯಸಲೂ ಬಾರದು.

ಸಾಗರದ ಅಡಿಕೆಯವ

ಯಜಮಾನರೇ, ಇಷ್ಟು ಬರೆದದ್ದಕ್ಕೆ ದೊಡ್ಡ ನಮಸ್ಕಾರ. ನಿಮ್ಮ ಬರಹವನ್ನು ತಂಗಿಗೆ ಫೋನಿನಲ್ಲಿ ಓದಿ ಹೇಳಿದೆ. ಡಿಫೆಂಡರ್‌ಗಳು ಎಲ್ಲಿದ್ದರು ಎಂಬ ಸಾಲಿಗೆ ಬಂದಾಗ "ಅದನ್ನು ಇನ್ನೊಂದು ಸಲ ಓದು" ಎಂದಳು. ಕಾನ್ ಭಾರತಕ್ಕೂ ಬಂದಿದ್ದನಂತೆ, ಅದು ನಿಜವೋ ಎಂದು ಕೇಳಲು ಹೇಳಿದ್ದಾಳೆ.

ಹೊಸನಗರದ ಬ್ಯಾಂಕಿನವ

ನಿಜ. ನಾನೇ ನೋಡಿದ್ದೇನೆ. ಆಗ ನನಗೆ ಕೋಲ್ಕತ್ತಕ್ಕೆ ವರ್ಗವಾಗಿತ್ತು. 2008ರ ಮೇ 27, ಸಾಲ್ಟ್ ಲೇಕ್ ಕ್ರೀಡಾಂಗಣ, ಬಾಯರ್ನ್ ಮ್ಯೂನಿಕ್ ಮತ್ತು ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್. ಅದಕ್ಕೆ ಹತ್ತು ದಿನ ಮೊದಲಷ್ಟೇ ಅವನು ಬುಂಡೆಸ್‌ಲೀಗಾದ ಕೊನೆಯ ಪಂದ್ಯ ಆಡಿದ್ದ. ಸೆಕೆ ಎಂದರೆ ಸೆಕೆ. ನಮ್ಮ ಊರಿನ ಮಳೆಯಲ್ಲಿ ಬೆಳೆದವನಿಗೆ ಅಂಗಿ ಹಿಂಡಿದರೆ ಚೊಂಬು ತುಂಬುವಷ್ಟು ಬೆವರು. ಕ್ರೀಡಾಂಗಣ ತುಂಬಿ ತುಳುಕುತ್ತಿತ್ತು, ಲಕ್ಷಕ್ಕೂ ಮೇಲೆ ಜನ ಎಂದು ಮರುದಿನ ಪತ್ರಿಕೆಗಳು ಬರೆದವು. ಬಾಯರ್ನ್ 3-0ಯಿಂದ ಗೆದ್ದಿತು. ದ್ವಿತೀಯಾರ್ಧದಲ್ಲಿ ಕಾನ್‌ನನ್ನು ಹೊರಗೆ ಕರೆದು ಇನ್ನೊಬ್ಬನನ್ನು ಇಳಿಸಿದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. ನನ್ನ ಪಕ್ಕದಲ್ಲಿದ್ದ ಬಂಗಾಳಿ ಮುದುಕರು, ಮೋಹನ್ ಬಾಗಾನ್‌ನ ಕಡು ಅಭಿಮಾನಿ, ತಮ್ಮ ತಂಡ ಸೋಲುತ್ತಿರುವುದನ್ನೇ ಮರೆತು ಅಳುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಬೀಳ್ಕೊಡುಗೆ ಪಂದ್ಯ ಬೇರೆ ನಡೆಯಿತು, ಜರ್ಮನಿ ತಂಡದ ವಿರುದ್ಧವೇ, 1-1. ಕೋಲ್ಕತ್ತದವರು ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಶಂಕರಘಟ್ಟದ ಅಕ್ಕ

ಹುಡುಗಿಗೆ ಸಲಹೆ ಕೊಡಲು ಇಷ್ಟು ಗಂಡಸರು ಸೇರಿ, ಒಬ್ಬರಿಗೂ ನಾಡಿನೆ ಆಂಗರರ್ ಹೆಸರು ಹೊಳೆಯಲಿಲ್ಲವೇ? ಅವಳೂ ಜರ್ಮನಿಯ ಗೋಲ್‌ಕೀಪರ್. 1996ರಲ್ಲೇ ದೇಶದ ತಂಡಕ್ಕೆ ಬಂದರೂ ಸಿಲ್ಕೆ ರೋಟನ್‌ಬರ್ಗ್ ಎಂಬ ಹಿರಿಯಳ ಹಿಂದೆ ವರ್ಷಾನುಗಟ್ಟಲೆ ಬೆಂಚಿನಲ್ಲಿ ಕುಳಿತಳು. 2003ರಲ್ಲಿ ಜರ್ಮನಿ ವಿಶ್ವಕಪ್ ಗೆದ್ದಾಗಲೂ ಬೆಂಚೇ. 2007ರಲ್ಲಿ ಹಿರಿಯಳಿಗೆ ಗಾಯವಾಗಿ ಇವಳಿಗೆ ಜಾಗ ಸಿಕ್ಕಿತು. ಚೀನಾದಲ್ಲಿ ನಡೆದ ಆ ವಿಶ್ವಕಪ್‌ನಲ್ಲಿ ಆರು ಪಂದ್ಯ, 540 ನಿಮಿಷ, ಒಂದೇ ಒಂದು ಗೋಲು ಬಿಡಲಿಲ್ಲ. ಫೈನಲ್‌ನಲ್ಲಿ ಬ್ರೆಜಿಲ್‌ನ ಮಾರ್ತಾ ಹೊಡೆದ ಪೆನಾಲ್ಟಿಯನ್ನೂ ತಡೆದಳು. 2013ರ ಯುರೋಪ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ನಾರ್ವೆಯ ಎರಡು ಪೆನಾಲ್ಟಿ ತಡೆದಳು, 1-0. ಆ ವರ್ಷ ಫಿಫಾದ ವರ್ಷದ ಆಟಗಾರ್ತಿ ಪ್ರಶಸ್ತಿ ಅವಳಿಗೇ ಬಂತು. ಗಂಡಸರಲ್ಲಿ ಈ ಪ್ರಶಸ್ತಿ ಯಾವ ಗೋಲ್‌ಕೀಪರ್‌ಗೂ ಸಿಕ್ಕಿಲ್ಲ, ಕಾನ್‌ಗೂ ಇಲ್ಲ, ನ್ಯೂಯರ್‌ಗೂ ಇಲ್ಲ. ಗೋಡೆಯಲ್ಲಿ ಇನ್ನೊಂದು ಚಿತ್ರಕ್ಕೆ ಜಾಗ ಇರಬೇಕಲ್ಲ.

ಇನ್ನು ಗ್ಲೌಸ್. ನಾನು ವಿಶ್ವವಿದ್ಯಾಲಯದ ತಂಡಕ್ಕೆ ಆಡುವಾಗ ಯಾರೂ ಹೇಳಿಕೊಟ್ಟಿರಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಅಂಗೈಗೆ ಲ್ಯಾಟೆಕ್ಸ್ ಇರುವುದನ್ನು ಕೊಳ್ಳಿ, ಬೆರಳ ತುದಿಯಲ್ಲಿ ತುಸು ಜಾಗ ಉಳಿಯಬೇಕು. ಲ್ಯಾಟೆಕ್ಸ್ ಪೂರ್ತಿ ಒಣಗಿದ್ದರೆ ಹಿಡಿಯುವುದಿಲ್ಲ. ಆಟಕ್ಕೆ ಮೊದಲು ಶುದ್ಧ ನೀರಿನಲ್ಲಿ ನೆನೆಸಿ, ಹಿಂಡದೆ ಅದುಮಿ ನೀರು ತೆಗೆಯಬೇಕು. ಮಣ್ಣು ಮೆತ್ತಿದರೆ ಮತ್ತೆ ಜಾರುತ್ತದೆ, ಅದಕ್ಕೇ ಗೋಲಿನ ಹಿಂದೆ ಒಂದು ಬಾಟಲಿ ನೀರು, ಒಂದು ಬಟ್ಟೆ ಇಟ್ಟುಕೊಳ್ಳಲಿ. ಮನೆಗೆ ತಂದಾಗ ತೊಳೆದು ನೆರಳಿನಲ್ಲಿ ಒಣಗಿಸಿ. ಮಳೆಗಾಲ ಎಂದು ಅಮ್ಮ ಪ್ರೀತಿಯಿಂದ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಮೂರೇ ದಿನಕ್ಕೆ ಬಿರುಕು ಬಿಡುತ್ತದೆ.

ಗ್ಲೌಸ್‌ಗಿಂತ ಮುಖ್ಯ ಅಭ್ಯಾಸ. ಮಳೆಯಲ್ಲಿ ನೆಲಮಟ್ಟಕ್ಕೆ ಬರುವ ಚೆಂಡನ್ನು ಅಂಗೈಯಲ್ಲಿ ಹಿಡಿಯಲು ಹೋಗಬಾರದು. ಎರಡು ಕಿರುಬೆರಳು ಒಂದಕ್ಕೊಂದು ತಾಗುವಂತೆ ಕೈ ಕೆಳಗೆ ಚಾಚಿ, ಚೆಂಡು ಮುಂಗೈಯ ಮೇಲೆ ಹತ್ತಿಬರುವಾಗ ಅದರ ಮೇಲೆಯೇ ಮುಂದಕ್ಕೆ ಬಿದ್ದು ಎದೆಗೆ ಅವುಚಿಕೊಳ್ಳಬೇಕು. ಹಿಂದಕ್ಕೆ ಕುಳಿತರೆ ಕೆಟ್ಟಿತು. ಹಿಡಿಯಲಾಗದಷ್ಟು ಬಿರುಸಾಗಿದ್ದರೆ ಪಕ್ಕಕ್ಕೆ ತಳ್ಳಲಿ, ಎದುರಿಗೆ ಮಾತ್ರ ಬೇಡ.

ಭದ್ರಾವತಿ ಹಳಬ

ಅಕ್ಕ ಹೇಳಿದ್ದಕ್ಕೆ ನನ್ನ ಸಹಿ. ಆಂಗರರ್ ಹೆಸರು ನನಗೆ ಗೊತ್ತಿತ್ತು, ಆದರೆ ಕೇಳಿದ್ದು ಕಾನ್ ಬಗ್ಗೆ ಎಂದು ಸುಮ್ಮನಿದ್ದೆ, ಜಗಳ ಬೇಡ. ಅಡಿಕೆಯವರೇ, ಭಾನುವಾರ ಬೆಳಿಗ್ಗೆ ನಮ್ಮ ಹಳಬರ ಗುಂಪು ಶಿವಮೊಗ್ಗದ ನೆಹರೂ ಕ್ರೀಡಾಂಗಣಕ್ಕೆ ಬರುತ್ತದೆ. ನನ್ನ ಮೊಣಕಾಲು ಈಗ ಬೀಳಲು ಬಿಡುವುದಿಲ್ಲ, ಚೆಂಡು ಹೊಡೆಯಲು ಅಡ್ಡಿಯಿಲ್ಲ. ತಂಗಿಗೆ ಗೆಳತಿಯೊಬ್ಬಳನ್ನು ಕರೆದುಕೊಂಡು ಬರಲು ಹೇಳಿ, ಡಿಫೆಂಡರ್ ಆಗಿದ್ದರೆ ಇನ್ನೂ ಒಳ್ಳೆಯದು. ಬಕೆಟ್ಟು, ನೀರು ನಾವು ತರುತ್ತೇವೆ.

ಸಾಗರದ ಅಡಿಕೆಯವ

ಬರುತ್ತಾಳಂತೆ. ಡಿಫೆಂಡರ್ ಇನ್ನೂ ಒಪ್ಪಿಲ್ಲ, ತಿಂಡಿ ಕೊಡಿಸಿದರೆ ಬರುತ್ತೇನೆ ಎಂದಿದ್ದಾಳಂತೆ. ತಿಂಡಿಯ ಖರ್ಚು ನನ್ನದು.